ಬಂದು ನೋಡಿ ಎಂದವರು

ಕಳೆದ ತಿಂಗಳು ಒಂದು ಮಧ್ಯಾಹ್ನ ನನ್ನ ಮೇಜಿಗೆ ನಾಲ್ಕು ನಿಧನ ವಾರ್ತೆಗಳು ಬಂದವು. ಮೂರನೆಯದು ನನಗೆ ಗೊತ್ತಿದ್ದವರದು. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಪ್ರಯೋಗಾಲಯದ ಮುಖ್ಯಸ್ಥೆಯಾಗಿ ನಿವೃತ್ತರಾಗಿದ್ದ ವೈದ್ಯೆ, ವಯಸ್ಸು ಅರವತ್ತಮೂರು, ಅವಿವಾಹಿತೆ, ಇಬ್ಬರು ತಮ್ಮಂದಿರಿದ್ದಾರೆ, ಅಂತ್ಯಕ್ರಿಯೆ ಹೂಟಗಳ್ಳಿಯಲ್ಲಿ ನಡೆಯಿತು. ಒಂದು ಕಾಲಂ, ಆರು ಸಾಲು, ಫೋಟೊ ಇಲ್ಲ. ನಾನೇ ತಿದ್ದಿ ಪುಟಕ್ಕೆ ಕಳುಹಿಸಿದೆ. ಆ ಆರು ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹಿಂದೊಮ್ಮೆ ಅವರ ಬಗ್ಗೆ ನಾನು ಬರೆದಿದ್ದ ವರದಿಯಲ್ಲಿ ಒಂದು ತಪ್ಪಿತ್ತು. ಅದು ಇನ್ನೂ ಹಾಗೆಯೇ ಇದೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. "ನನ್ನ ಹೆಸರು ಒಂದ್ಸಲ ಪೇಪರಲ್ಲಿ ಬಂದಿದ್ದೇ ಸಾಕು ಬುಡಿ" ಎಂದು ಅವರೇ ಹೇಳಿದ್ದರು. ಲ್ಯಾಬಿನವರು ಅವರನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಡಾಕ್ಟ್ರಮ್ಮನಿಗೆ ರೋಗಿಗಳಿರಲಿಲ್ಲ. ರೋಗಿಗಳ ರಕ್ತ, ಕೀವು, ಮೂತ್ರ, ಕಫ ಅವರ ಹತ್ತಿರ ಬರುತ್ತಿತ್ತು. ಅದನ್ನು ಅಗಲವಾದ ಗಾಜಿನ ಬಟ್ಟಲಿನಲ್ಲಿ ಬಿತ್ತಿ, ಬೆಳೆಯಲು ಬಿಟ್ಟು, ಯಾವ ಜೀವಾಣು ಬೆಳೆಯಿತು, ಅದು ಯಾವ ಮದ್ದಿಗೆ ಸಾಯುತ್ತದೆ ಎಂದು ಹೇಳುವುದು ಅವರ ಕೆಲಸ. ಬಟ್ಟಲಿನ ಮೇಲೆ ಮದ್ದು ಅದ್ದಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತಿದ್ದರು. ಮದ್ದು ಕೆಲಸ ಮಾಡಿದರೆ ಮರುದಿನ ಬಿಲ್ಲೆಯ ಸುತ್ತ ಬಯಲು ಕಾಣುತ್ತದೆ. ಅಲ್ಲಿ ಏನೂ ಬೆಳೆದಿರುವುದಿಲ್ಲ. ಮಾಡದಿದ್ದರೆ ಬೆಳೆ ಬಿಲ್ಲೆಯ ಅಂಚಿನವರೆಗೂ ಬಂದು ನಿಂತಿರುತ್ತದೆ. ಇಷ್ಟೇ ವಿದ್ಯೆ. ನನಗೆ ಇದು ಅರ್ಥವಾಗಲು ಐದು ನಿಮಿಷ ಸಾಕಾಯಿತು. ಆ ಐದು ನಿಮಿಷವನ್ನು ಐದು ವರ್ಷ ತಡವಾಗಿ ಕೊಟ್ಟೆ.

ಅವರ ಲ್ಯಾಬು ಅರ್ಧ ನೆಲದೊಳಗೆ, ಅರ್ಧ ಮೇಲೆ ಇತ್ತು. ಹನ್ನೆರಡು ಮೆಟ್ಟಿಲು ಇಳಿಯಬೇಕು. ಎತ್ತರದ ಕಿಟಕಿಯಿಂದ ಹೊರಗೆ ನಡೆಯುವವರ ಕಾಲು ಮಾತ್ರ ಕಾಣುತ್ತಿತ್ತು. ತೊಂಬತ್ತರ ದಶಕದಲ್ಲಿ ಅಲ್ಲಿ ಒಂದು ಬೂದು ಬಣ್ಣದ ಕಬ್ಬಿಣದ ಬೀರು ಇತ್ತು. ಬೇರೆಲ್ಲ ಮದ್ದು ಸೋತಾಗ ಕೊನೆಗೆ ಉಳಿಯುವ ಎರಡು ಮೂರು ಬಗೆಯ ಚುಚ್ಚುಮದ್ದನ್ನು ಔಷಧಾಲಯದಲ್ಲಿ ಇಡಲು ಬಿಡದೆ ಆ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರು. ಕೀಲಿ ಅವರ ಸೆರಗಿನ ತುದಿಯಲ್ಲಿರುತ್ತಿತ್ತು. ಯಾವ ವೈದ್ಯರಿಗೆ ಅದು ಬೇಕೋ ಅವರು ಚೀಟಿ ಕಳುಹಿಸುವಂತಿರಲಿಲ್ಲ, ಖುದ್ದು ಇಳಿದು ಬರಬೇಕು. ತಮ್ಮ ರೋಗಿಯ ಬಟ್ಟಲನ್ನು ಕಣ್ಣಾರೆ ನೋಡಬೇಕು. ಮೇಜಿನ ಮೇಲಿದ್ದ ಉದ್ದನೆಯ ಪುಸ್ತಕದಲ್ಲಿ ತಮ್ಮ ಕೈಯಾರೆ 'ನೋಡಿದೆ' ಎಂದು ಬರೆದು ಸಹಿ ಹಾಕಬೇಕು. ಆಮೇಲೆ ಕೀಲಿ.

ದೊಡ್ಡ ವೈದ್ಯರಿಗೆ ಇದು ಅವಮಾನವಾಗಿ ಕಾಣುತ್ತಿತ್ತು. ಇಳಿದು ಬಂದವರಲ್ಲಿ ಅರ್ಧದಷ್ಟು ಜನ ಬಟ್ಟಲು ನೋಡಿ, "ಓ, ಸಾಧಾರಣ ಮದ್ದೇ ಸಾಕು" ಎಂದು ಬರಿಗೈಯಲ್ಲಿ ಮೆಟ್ಟಿಲು ಹತ್ತುತ್ತಿದ್ದರಂತೆ. ಈ ಅರ್ಧ ಎಂಬ ಲೆಕ್ಕ ಲ್ಯಾಬಿನವರು ಹೇಳಿದ್ದು, ನಾನು ಎಣಿಸಿಲ್ಲ.

ಈ ಕಟ್ಟುಪಾಡಿನಿಂದ ಒಂದು ವಾರ್ಡಿಗೆ ಮಾತ್ರ ವಿನಾಯಿತಿ ಇತ್ತು. ರಕ್ತದ ಕ್ಯಾನ್ಸರಿನವರು ಮಲಗುವ ವಾರ್ಡು. ಅಲ್ಲಿನ ಸಿಸ್ಟರ್ ಬಳಿ ಮೊದಲ ದಿನದ ಮದ್ದನ್ನು ಡಾಕ್ಟ್ರಮ್ಮ ತಾವೇ ಹೋಗಿ ಇಟ್ಟು ಬರುತ್ತಿದ್ದರು. ಜ್ವರ ಬಂದ ಒಂದು ಗಂಟೆಯೊಳಗೆ ಕೊಡಬೇಕು, ಯಾರನ್ನೂ ಕೇಳಬೇಕಾಗಿಲ್ಲ, ಬಟ್ಟಲು ಆಮೇಲೆ. ಯಾಕೆ ಎಂದು ಮುಂದೆ ಒಮ್ಮೆ ಕೇಳಿದಾಗ ಹೇಳಿದರು: "ನಿಮಗೋ ನನಗೋ ಜ್ವರ ಬಂದ್ರೆ ಮೈಯಲ್ಲೇ ಕಾವಲುಗಾರರು ಇರ್ತಾರೆ. ಕಾದು ನೋಡಬೋದು. ಅವರಿಗೆ ಕ್ಯಾನ್ಸರ್ ಮದ್ದು ಕೊಟ್ಟು ಆ ಕಾವಲನ್ನ ನಾವೇ ಕಿತ್ತಾಕಿರ್ತೀವಿ. ಅವರಿಗೆ ಇರೋದು ಈ ಬೀರು ಒಂದೇ ಕಣ್ರೀ. ಅದಕ್ಕೇ ಬೇರೆಯವರು ಇದಕ್ಕೆ ಕೈ ಹಾಕ್ದಂಗೆ ನೋಡ್ಕೊತೀನಿ."

ಅವರು ಹುಟ್ಟಿದ್ದು ಹೂಟಗಳ್ಳಿಯ ಒಕ್ಕಲು ಮನೆಯಲ್ಲಿ, ಅದಿನ್ನೂ ಹಳ್ಳಿಯಾಗಿದ್ದಾಗ. ಮನೆತನದ ಹೊಲದ ಮೇಲೆ ಈಗ ಒಂದು ಕಾರ್ಖಾನೆಯ ಗೋಡೌನು ಇದೆ. ಜೀವಾಣು ಮದ್ದಿಗೆ ಬಗ್ಗದಂತಾಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ಪುಸ್ತಕ ತೆಗೆಯುತ್ತಿರಲಿಲ್ಲ. "ನಮ್ಮಪ್ಪ ಬದನೆಗೆ ಮದ್ದು ಹೊಡೀತಿದ್ರು. ಮೊದಲನೇ ವರ್ಷ ಒಂದು ಮುಚ್ಚಳ. ಮೂರನೇ ವರ್ಷ ಮೂರು ಮುಚ್ಚಳ. ಐದನೇ ವರ್ಷ ಹುಳ ಎಲೆ ಮೇಲೆ ಕೂತ್ಕೊಂಡು ಅಪ್ಪನ್ನೇ ನೋಡ್ತಿತ್ತು" ಎನ್ನುತ್ತಿದ್ದರು.

ಇಷ್ಟೆಲ್ಲ ನಾನು ತಿಳಿದದ್ದು ಆಮೇಲೆ. ವರದಿ ಬರೆಯುವಾಗ ನನಗೆ ಗೊತ್ತಿದ್ದದ್ದು ಬೀರು ಮತ್ತು ಬೀಗ ಮಾತ್ರ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಸಂಜೆ ವರ್ತಕರೊಬ್ಬರು ಕಚೇರಿಗೆ ಬಂದರು. ಅವರ ತಂದೆಗೆ ಕಾಲಿನ ಶಸ್ತ್ರಚಿಕಿತ್ಸೆ ಆಗಿ, ಗಾಯ ಕೀವಾಗಿತ್ತು. ಶಸ್ತ್ರವೈದ್ಯರು ಬರೆದುಕೊಟ್ಟ ಚುಚ್ಚುಮದ್ದನ್ನು ಲ್ಯಾಬಿನ ಹೆಂಗಸು ಎರಡು ದಿನದಿಂದ ಕೊಡುತ್ತಿಲ್ಲ ಎಂದರು. ನಾನು ವೈದ್ಯರನ್ನು ಕೇಳಿದೆ, ಹೌದು ಎಂದರು. ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ಕೇಳಿದೆ. ಬೀಗ ಇರುವುದು ನಿಜ ಎಂದರು. ಕೊನೆಗೆ ಲ್ಯಾಬಿಗೆ ಫೋನ್ ಮಾಡಿದೆ.

"ಹೌದು, ಕೊಟ್ಟಿಲ್ಲ" ಎಂದರು ಡಾಕ್ಟ್ರಮ್ಮ.

"ಯಾಕೆ?"

"ಫೋನಲ್ಲಿ ಹೇಳಿದ್ರೆ ಗೊತ್ತಾಗಲ್ಲ ಸ್ವಾಮಿ. ಇಲ್ಲೇ ಅದೆ, ಬಂದು ನೋಡಿ."

ಗಂಟೆ ಆರೂವರೆ. ಪುಟ ಏಳಕ್ಕೆ ಮುಗಿಯಬೇಕು. ಆಸ್ಪತ್ರೆ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ನಾನು ಕುಳಿತಲ್ಲೇ ಬರೆದೆ. 'ಬೀರುವಿನಲ್ಲಿ ಔಷಧ, ಹಾಸಿಗೆಯಲ್ಲಿ ರೋಗಿ' ಎಂದು ತಲೆಬರಹ ಕೊಟ್ಟೆ. ಕೊನೆಯ ಸಾಲು: 'ಈ ಬಗ್ಗೆ ಪ್ರತಿಕ್ರಿಯಿಸಲು ಪ್ರಯೋಗಾಲಯದ ಮುಖ್ಯಸ್ಥೆ ನಿರಾಕರಿಸಿದರು.'

ಕರಡು ತಿದ್ದುತ್ತಿದ್ದವರು ಗುರುಸ್ವಾಮಿ. ಬೋಗಾದಿಯವರು, ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಕೆಂಪು ಪೆನ್ನು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೀಟಲೆಯಲ್ಲಿ ದೊಡ್ಡವರು. ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಸಾರ್, ಆಯಮ್ಮ ಏನಂದ್ರು?"

"ಬಂದು ನೋಡಿ ಅಂದ್ರು."

"ಅಂಗಾರೆ ನಿರಾಕರಿಸ್ಲಿಲ್ವಲ್ಲ. ಕರುದ್ರು."

"ಏಳು ಗಂಟೆ ಆಯ್ತು ಗುರುಸ್ವಾಮಿ. ಪುಟ ಬಿಡ್ರೀ."

"ಬುಟ್ಟೆ ಬುಡಿ. ನಂದೇನು, ಅಕ್ಷರ ಎಲ್ಲ ಸರ್ಯಾಗವೆ."

ಮರುದಿನ ವರದಿ ಪ್ರಕಟವಾಯಿತು. ಸಂಪಾದಕರು ತಲೆಬರಹ ಚೆನ್ನಾಗಿದೆ ಎಂದರು. ಸಂಘಟನೆಯೊಂದು ಆಸ್ಪತ್ರೆಯ ಮುಂದೆ ಧರಣಿ ಕುಳಿತಿತು. ವಾರದೊಳಗೆ ಆಡಳಿತ ಮಂಡಳಿ ಸಭೆ ಸೇರಿ ಕೀಲಿಯನ್ನು ಡಾಕ್ಟ್ರಮ್ಮನಿಂದ ತೆಗೆದುಕೊಂಡು, ಮದ್ದನ್ನು ಔಷಧಾಲಯಕ್ಕೆ ಸಾಗಿಸಿತು. ಇನ್ನು ಯಾವ ವೈದ್ಯರು ಬೇಕಾದರೂ ಚೀಟಿ ಬರೆಯಬಹುದು. ಖಾಲಿಯಾದ ಬೀರುವಿನಲ್ಲಿ ಹಳೆಯ ರಿಜಿಸ್ಟರುಗಳನ್ನು ತುಂಬಿದರು. ಅದನ್ನೂ ನಾನೇ ವರದಿ ಮಾಡಿದೆ, 'ವರದಿಯ ಫಲಶ್ರುತಿ' ಎಂಬ ಶೀರ್ಷಿಕೆಯಲ್ಲಿ. ವರ್ತಕರ ತಂದೆಯ ಬಟ್ಟಲಿನಲ್ಲಿ ಬೆಳೆದದ್ದು ಸಾಧಾರಣ ಜೀವಾಣು, ಅವರು ಸಾಧಾರಣ ಮದ್ದಿನಲ್ಲೇ ಗುಣವಾಗಿ ಹದಿನೈದು ದಿನದೊಳಗೆ ನಡೆದುಕೊಂಡು ಮನೆಗೆ ಹೋದರು ಎಂಬುದನ್ನು ವರದಿ ಮಾಡಲಿಲ್ಲ. ನನಗೆ ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಐದು ವರ್ಷ ಕಳೆಯಿತು. ಗುರುಸ್ವಾಮಿ ಕೆಂಪು ಪೆನ್ನು ಬಿಟ್ಟು ಕಂಪ್ಯೂಟರಿನಲ್ಲಿ ತಿದ್ದುವುದನ್ನು ಕಲಿತರು. ಒಂದು ಬೇಸಿಗೆಯಲ್ಲಿ ಮೆಟ್ಟಿಲು ಹತ್ತಿದರೆ ಸುಸ್ತು ಎನ್ನತೊಡಗಿದರು. ಆಮೇಲೆ ಹಲ್ಲುಜ್ಜಿದಾಗ ರಕ್ತ. ಪರೀಕ್ಷೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಅದೇ ಆಸ್ಪತ್ರೆಗೆ ಸೇರಿದರು. ಈ ಬಗೆಯ ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಇದೆ, ಆದರೆ ಚಿಕಿತ್ಸೆಯ ನಡುವೆ ಸೋಂಕು ತಗುಲದಂತೆ ದಾಟಿಸಬೇಕು ಎಂದು ವೈದ್ಯರು ಹೇಳಿದ್ದರು.

ಎರಡನೆಯ ವಾರ ನೋಡಲು ಹೋದಾಗ ಕೂದಲು ಉದುರಿತ್ತು, ಕೀಟಲೆ ಉದುರಿರಲಿಲ್ಲ. "ಸಾರ್, ಕೇಸ್ ಶೀಟಲ್ಲಿ ನನ್ನ ವಯಸ್ಸು ತಪ್ಪಾಗಿ ಹಾಕವ್ರೆ. ನಾಕು ವರ್ಷ ಕಮ್ಮಿ. ಸಿಸ್ಟರು ತಿದ್ತೀನಿ ಅಂದ್ರು. ಬ್ಯಾಡ ಕಣಮ್ಮ, ಇರ್ಲಿ ಅಂದೆ."

ಮೂರನೆಯ ವಾರ ಜ್ವರ ಬಂತು. ಒಂದು ಗಂಟೆಯೊಳಗೆ ಆ ದೊಡ್ಡ ಚುಚ್ಚುಮದ್ದು ಕೊಟ್ಟರು. ಜ್ವರ ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ವಾರ್ಡಿನ ವೈದ್ಯರು, ರಕ್ತದಲ್ಲಿ ಏನೋ ಬೆಳೆದಿದೆಯಂತೆ, ಕೆಳಗಿನಿಂದ ವರದಿ ಬರಬೇಕು ಎಂದು ಹೇಳಿ ಹೋದರು. ಗುರುಸ್ವಾಮಿಯ ಹೆಂಡತಿ ವರಾಂಡದಲ್ಲಿ ನನ್ನನ್ನು ತಡೆದರು.

"ಅಣ್ಣ, ನನಗ್ಯಾರೂ ಬುಡ್ಸಿ ಹೇಳ್ತಿಲ್ಲ. ನೀವು ಪೇಪರ್ನೋರು, ನೀವ್ ಕೇಳುದ್ರೆ ಹೇಳ್ತಾರೆ. ಒಂದ್ಸತಿ ಕೆಳಕ್ಕೋಗಿ ಕೇಳ್ಕ ಬನ್ನಿ."

ಹಾಗೆ ನಾನು ಆ ಹನ್ನೆರಡು ಮೆಟ್ಟಿಲು ಇಳಿದೆ. ಕಿಟಕಿಯ ಬೆಳಕಿಗೆ ಬಟ್ಟಲೊಂದನ್ನು ಎತ್ತಿ ಹಿಡಿದು ನೋಡುತ್ತಿದ್ದ ಗಿಡ್ಡ ದೇಹದ ಹೆಂಗಸು ತಿರುಗಿದರು. ದಪ್ಪ ಕನ್ನಡಕ, ನೂಲಿನ ಸೀರೆ, ಮೇಲೆ ಬಿಳಿ ಕೋಟು. ಹೆಸರು ಹೇಳಿದೆ. ಪತ್ರಿಕೆಯ ಹೆಸರನ್ನೂ ಹೇಳಿದೆ.

"ಓ, ನೀವಾ" ಎಂದರು. ಧ್ವನಿಯಲ್ಲಿ ಏರಿಳಿತ ಇರಲಿಲ್ಲ. "ಬನ್ನಿ ಅಂದು ಐದು ವರ್ಷ ಆಯ್ತು. ಕೂತ್ಕೊಳಿ."

ನಾನು ಕೂರಲಿಲ್ಲ. ಗುರುಸ್ವಾಮಿಯ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟಲನ್ನೇ ಮೇಜಿನ ಮೇಲಿಟ್ಟು ದೀಪ ಹಾಕಿದರು. "ಇದೇ ಅವರದು. ಮುಟ್ಟಬೇಡಿ, ನೋಡಿ."

ಬಟ್ಟಲ ತುಂಬ ತಿಳಿ ಹಸಿರು ಪೊರೆ. ಅದರ ಮೇಲೆ ಎಂಟು ಬಿಳಿಯ ಬಿಲ್ಲೆ. ಯಾವುದರ ಸುತ್ತಲೂ ಬಯಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ರೋಗಿಯ ಬಟ್ಟಲಿಟ್ಟು ತೋರಿಸಿದರು. ಅದರಲ್ಲಿ ಪ್ರತಿ ಬಿಲ್ಲೆಗೂ ಒಕ್ಕಣೆಯ ಕಣದಂತೆ ದುಂಡನೆಯ ಬಯಲಿತ್ತು. ಬೇರೆ ವಿವರಣೆ ಬೇಕಾಗಲಿಲ್ಲ.

"ವಾಸನೆ ಬರ್ತಿದ್ಯಾ?"

ಬರುತ್ತಿತ್ತು. ದ್ರಾಕ್ಷಿಯ ವಾಸನೆ.

"ಇದರ ಗುರುತೇ ಅದು. ದೇವರು ಇದಕ್ಕೆ ಯಾಕೆ ಇಷ್ಟು ಒಳ್ಳೆ ವಾಸನೆ ಕೊಟ್ಟನೋ ಗೊತ್ತಿಲ್ಲ. ಮೊದಲು ಇಂಥದ್ದು ನಮ್ಮಲ್ಲಿ ಅಪರೂಪ. ಈಗ ತಿಂಗಳಿಗೆ ಒಂದಾದರೂ ಬರ್ತದೆ. ನೆಗಡಿಗೂ ಅದೇ ಇಂಜೆಕ್ಷನ್, ಕುರುವಿಗೂ ಅದೇ ಇಂಜೆಕ್ಷನ್. ಹುಳಕ್ಕೆ ಅಭ್ಯಾಸ ಆಗೋಯ್ತು."

ಅವರು ಒಂಬತ್ತನೆಯ ಬಿಲ್ಲೆ ತೋರಿಸಿದರು. ಅಂಚಿನಲ್ಲಿತ್ತು, ನಾನು ಎಣಿಸುವಾಗ ಬಿಟ್ಟಿದ್ದೆ. ಅದರ ಸುತ್ತ ಬಳೆಯಷ್ಟು ತೆಳುವಾದ ಬಯಲು. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ವೈದ್ಯರು ಎಷ್ಟೋ ವರ್ಷದ ಹಿಂದೆ ಬದಿಗಿಟ್ಟ ಹಳೆಯ ಮದ್ದು ಅದು. ಮೈಸೂರಿನಲ್ಲಿ ಎಲ್ಲೂ ಇರಲಿಲ್ಲ. ಅವರು ಆಗಲೇ ಬೆಂಗಳೂರಿಗೆ ಮೂರು ಕಡೆ ಫೋನ್ ಮಾಡಿದ್ದರು. ಒಂದು ಕಡೆ ಇತ್ತು. ಮಧ್ಯಾಹ್ನದ ಬಸ್ಸಿನಲ್ಲಿ ಆಸ್ಪತ್ರೆಯ ಒಬ್ಬರು ಹೋಗಿ ತರುವುದೆಂದು ಗೊತ್ತಾಗಿತ್ತು.

ಅವತ್ತು ಸಂಜೆ ಡಾಕ್ಟ್ರಮ್ಮ ಮೇಲಿನ ವಾರ್ಡಿಗೆ ಬಂದರು. ಗುರುಸ್ವಾಮಿಯೇ ಕೇಳಿದ್ದು, "ನನ್ನೊಳಗೆ ಇರೋದನ್ನ ನೋಡ್ದೋರು ಯಾರೋ ಅವ್ರನ್ನ ನಾನ್ ನೋಡ್ಬೇಕು" ಎಂದು. ಬಾಗಿಲ ಬಳಿ ಅವರು ಕೈ ತೊಳೆದ ರೀತಿ ನೆನಪಿದೆ. ಬೆರಳು ಬೆರಳನ್ನೂ ಬಿಡಿಸಿ, ಮೊಣಕೈವರೆಗೆ, ಅವಸರವಿಲ್ಲದೆ. ಹಿಂದೆ ನಿಂತಿದ್ದ ಹಿರಿಯ ವೈದ್ಯರೊಬ್ಬರು ಹಾಗೆಯೇ ಒಳಗೆ ಹೊರಟಾಗ, "ಕೈ ತೊಳೀರಿ ಸಾರ್" ಎಂದರು. ಅವರು ತೊಳೆದರು.

ಗುರುಸ್ವಾಮಿ ಕಣ್ಣು ಬಿಟ್ಟರು. ತುಟಿ ಒಡೆದಿತ್ತು.

"ಓದಕ್ಕಾಯ್ತೇನಮ್ಮ ನನ್ ಕರಡ?"

ನಾನು ಗುರುಸ್ವಾಮಿಯ ಕೆಲಸ ಏನೆಂದು ಅವರಿಗೆ ಹೇಳಿದ್ದೆ. ಡಾಕ್ಟ್ರಮ್ಮ ಮುಖಗವಸಿನ ಒಳಗಿಂದಲೇ ಹೇಳಿದರು. "ಓದಿದೀನಿ ಕಣಪ್ಪ. ಪೂರ್ತಿ ಓದಿದೀನಿ. ತಿದ್ದೋ ಪೆನ್ನು ಬೆಂಗಳೂರಿಂದ ಬರ್ತಾ ಅದೆ."

"ಪುಟ ಮುಗ್ಯೋದ್ರೊಳಗೆ ಬತ್ತದಾ?"

ಸುಳ್ಳು ಹೇಳುವ ಅಭ್ಯಾಸ ಡಾಕ್ಟ್ರಮ್ಮನಿಗಿರಲಿಲ್ಲ. "ಬಸ್ಸು ಹೊರಟದೆ" ಎಂದರು.

ಮದ್ದು ಮರುದಿನ ಬೆಳಿಗ್ಗೆ ಬಂತು. ಒಂದೂವರೆ ದಿನ ಕೊಟ್ಟರು. ಗುರುವಾರ ಮಧ್ಯಾಹ್ನ ಗುರುಸ್ವಾಮಿ ತೀರಿಕೊಂಡರು. ನಲವತ್ತೊಂದು ವರ್ಷ, ಕೇಸ್ ಶೀಟಿನ ಪ್ರಕಾರ ಮೂವತ್ತೇಳು. ಪತ್ರಿಕೆಯಲ್ಲಿ ಸರಿಯಾದ ವಯಸ್ಸು ಹಾಕಿದೆವು.

ಹದಿನೈದು ದಿನ ಬಿಟ್ಟು ನಾನು ಮತ್ತೆ ಲ್ಯಾಬಿಗೆ ಹೋದೆ. ಹಳೆಯ ವರದಿಯ ಪ್ರತಿ ಜೊತೆಗಿತ್ತು. ತಿದ್ದುಪಡಿ ಹಾಕಬೇಕೆಂದಿದ್ದೇನೆ, ಗುರುಸ್ವಾಮಿ ಸತ್ತದ್ದರಲ್ಲಿ ನನ್ನ ಪಾಲೂ ಇದೆ ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಬಟ್ಟಲು ನೋಡುವಷ್ಟೇ ನಿಧಾನವಾಗಿ.

"ಒಂದು ವರದಿಗೆ ಅಷ್ಟು ಶಕ್ತಿ ಇಲ್ಲ ಕಣ್ರೀ" ಎಂದರು. "ಇದ್ದಿದ್ರೆ ನಾನೇ ಒಂದು ಬರೆಸ್ತಿದ್ದೆ. ಚೀಟಿ ಬರೆದೋರು ನೂರಾರು ಜನ. ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ತಗೊಂಡೋರು ಸಾವಿರಾರು ಜನ. ನಿಮ್ಮ ಸ್ನೇಹಿತರ ಹುಳ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ, ನಿಮಗೆ ಹೆಂಗೆ ಗೊತ್ತಾಗ್ತದೆ? ಗೊತ್ತಿಲ್ದೇ ಇರೋದನ್ನ ಬರೀಬೇಡಿ."

"ಹಾಗಾದರೆ ಇದರಲ್ಲಿ ತಪ್ಪೇ ಇಲ್ಲವೇ?"

"ಬೀರು ಇತ್ತು. ಬೀಗ ಇತ್ತು. ಕೊಡಲಿಲ್ಲ. ಎಲ್ಲ ಸರಿಯಾಗದೆ." ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದೊಂದು ಸುಳ್ಳು. ನಾನು ನಿರಾಕರಿಸ್ಲಿಲ್ಲ. ಬನ್ನಿ ಅಂದೆ."

ಗುರುಸ್ವಾಮಿಯೂ ಅದೇ ಸಾಲಿನ ಮೇಲೆ ಬೆರಳಿಟ್ಟಿದ್ದರು. ಆ ಮಾತನ್ನು ಅವರಿಗೆ ಹೇಳಿದೆ. ಡಾಕ್ಟ್ರಮ್ಮ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. ಆಮೇಲೆ ಎದ್ದು ಬೀರು ತೆಗೆದು, ಹಳೆಯ ರಿಜಿಸ್ಟರುಗಳ ಅಡಿಯಿಂದ ಆ ಉದ್ದನೆಯ ಪುಸ್ತಕವನ್ನು ಎಳೆದು ಮೇಜಿನ ಮೇಲಿಟ್ಟರು. ಐದು ವರ್ಷದಿಂದ ಅದರಲ್ಲಿ ಯಾರೂ ಬರೆದಿರಲಿಲ್ಲ.

"ಅವತ್ತು ಬಟ್ಟಲು ನೋಡಿದ್ರಲ್ಲ. ಅದನ್ನ ಬರೀರಿ. ತಾರೀಕು ಹಾಕಿ."

ನಾನು 'ನೋಡಿದೆ' ಎಂದು ಬರೆದು ಸಹಿ ಹಾಕಿದೆ.

ತಿದ್ದುಪಡಿಯನ್ನು ಸಂಪಾದಕರ ಮುಂದಿಟ್ಟೆ. "ಐದು ವರ್ಷದ ಹಿಂದಿನ ಸುದ್ದಿಗೆ ಈಗ ಯಾರ್ರೀ ತಿದ್ದುಪಡಿ ಹಾಕ್ತಾರೆ? ಓದೋರಿಗೆ ತಲೆಬುಡ ಗೊತ್ತಾಗಲ್ಲ" ಎಂದರು. ಅವರ ಮಾತಿನಲ್ಲಿ ಕಚೇರಿಯ ನ್ಯಾಯವಿತ್ತು. ನಾನು ಒತ್ತಾಯಿಸಲಿಲ್ಲ. ಇದನ್ನೂ ದಾಖಲಿಸುತ್ತಿದ್ದೇನೆ.

ಪುಸ್ತಕ ಮಾತ್ರ ಮತ್ತೆ ಬೀರುವಿಗೆ ಹೋಗಲಿಲ್ಲ. ಕೀಲಿ ಇಲ್ಲ, ಅಧಿಕಾರ ಇಲ್ಲ, ಬರಲೇಬೇಕೆಂಬ ಕಟ್ಟುಪಾಡೂ ಇಲ್ಲ. ಡಾಕ್ಟ್ರಮ್ಮ ವಾರ್ಡುಗಳಿಗೆ ಫೋನ್ ಮಾಡಿ, "ನಿಮ್ಮ ಪೇಷೆಂಟ್ ಬಟ್ಟಲು ಸಿದ್ಧವಾಗದೆ, ಬಂದು ನೋಡಿ" ಎನ್ನುತ್ತಿದ್ದರು. ಹಿರಿಯರು ಬರಲಿಲ್ಲ. ಕಿರಿಯ ವೈದ್ಯರು ಒಬ್ಬೊಬ್ಬರಾಗಿ ಬಂದರು. ಬಂದವರಿಗೆ ಕಾಫಿ ಕೊಡಿಸುತ್ತಿದ್ದರು, ಲ್ಯಾಬಿನ ಹೊರಗೆ, ಕೈ ತೊಳೆಸಿ. ಕಾಫಿಗಾಗಿಯೇ ಬರುತ್ತಾರೆ ಎಂದು ಲ್ಯಾಬಿನವರು ಛೇಡಿಸಿದರೆ, "ಯಾತಕ್ಕಾದ್ರೂ ಬರ್ಲಿ ಬುಡ್ರೋ, ಕಣ್ಣು ಜೊತೇಲೇ ತತ್ತಾರಲ್ಲ" ಎನ್ನುತ್ತಿದ್ದರು.

ಹೂಟಗಳ್ಳಿಯಿಂದ ಬೆಳಗಿನ ಪಾಳಿಯ ಕಾರ್ಮಿಕರ ಜೊತೆ ಬಸ್ಸಿನಲ್ಲೇ ಬರುತ್ತಿದ್ದರು. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಯಾವ ಮಾತ್ರೆ ತಿಂದಿರಿ, ಎಷ್ಟು ದಿನ ತಿಂದಿರಿ ಎಂದು ವಿಚಾರಣೆ ಶುರು. ಅವರನ್ನು ಕಂಡರೆ ಕೆಲವರು ಕೆಮ್ಮು ತಡೆದುಕೊಂಡು ಹಿಂದಿನ ಸೀಟಿಗೆ ಹೋಗುತ್ತಿದ್ದರಂತೆ. ಆ ಹಸಿರು ಬಟ್ಟಲುಗಳನ್ನು ಕಂಡು ಕಂಡು ಅವರು ದ್ರಾಕ್ಷಿ ತಿನ್ನುವುದನ್ನೇ ಬಿಟ್ಟಿದ್ದಾರೆ ಎಂಬ ಕಥೆಯೂ ಆಸ್ಪತ್ರೆಯಲ್ಲಿತ್ತು. ಅದು ಸುಳ್ಳು. ನಿವೃತ್ತಿಯ ದಿನ ಶಾಲು ಹೊದಿಸಿ ಕೊಟ್ಟ ಹಣ್ಣಿನ ಬುಟ್ಟಿಯಿಂದ ಮೊದಲು ಕಿತ್ತು ಬಾಯಿಗೆ ಹಾಕಿಕೊಂಡದ್ದೇ ದ್ರಾಕ್ಷಿ. "ಇದು ಹೆದರಿಸೋ ದ್ರಾಕ್ಷಿ ಅಲ್ಲ, ತಿನ್ನಿ" ಎಂದು ಬುಟ್ಟಿಯನ್ನು ಮುಂದಕ್ಕೆ ದಾಟಿಸಿದರು. ಭಾಷಣ ಮಾಡಲಿಲ್ಲ.

ನಿಧನ ವಾರ್ತೆ ಪ್ರಕಟವಾದ ಮರುದಿನ ನಾನು ಆಸ್ಪತ್ರೆಗೆ ಹೋದೆ. ಹನ್ನೆರಡು ಮೆಟ್ಟಿಲು ಹಾಗೆಯೇ ಇವೆ. ಬೀರು ಇಲ್ಲ. ಪುಸ್ತಕ ಇದೆ, ಇದು ನಾಲ್ಕನೆಯದು. ಅವತ್ತಿನ ಪುಟದಲ್ಲಿ ಮೂರು ಸಹಿ ಇತ್ತು. ಮೂರನೆಯದರ ಶಾಯಿ ಹಸಿಯಾಗಿತ್ತು. ಬರೆದ ಯುವ ವೈದ್ಯೆ ರಕ್ತದ ಕ್ಯಾನ್ಸರಿನ ವಾರ್ಡಿನವರು. ದೊಡ್ಡ ಮದ್ದನ್ನು ಮೊದಲ ಗಂಟೆಯಲ್ಲೇ ಕೊಟ್ಟಿದ್ದೆವು, ಬಟ್ಟಲು ನೋಡಿದ ಮೇಲೆ ಇವತ್ತು ಚಿಕ್ಕದಕ್ಕೆ ಇಳಿಸುತ್ತಿದ್ದೇವೆ, ರೋಗಿ ಇಡ್ಲಿ ಕೇಳುತ್ತಿದ್ದಾಳೆ ಎಂದರು. ಪುಸ್ತಕ ಯಾರು ಶುರು ಮಾಡಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ.

ಆಗ ಹಾಕಲಾಗದ ತಿದ್ದುಪಡಿಯನ್ನು ಈಗ, ನಮ್ಮ ಪತ್ರಿಕೆಯ ಪದ್ಧತಿಯಂತೆ, ಇಲ್ಲಿ ಹಾಕುತ್ತಿದ್ದೇನೆ.

ತಿದ್ದುಪಡಿ: 'ಬೀರುವಿನಲ್ಲಿ ಔಷಧ, ಹಾಸಿಗೆಯಲ್ಲಿ ರೋಗಿ' ಎಂಬ ವರದಿಯ ಕೊನೆಯ ಸಾಲಿನಲ್ಲಿ, ಪ್ರಯೋಗಾಲಯದ ಮುಖ್ಯಸ್ಥೆ ಪ್ರತಿಕ್ರಿಯಿಸಲು ನಿರಾಕರಿಸಿದರು ಎಂದಿದೆ. ಅದು ತಪ್ಪು. ಅವರು ನಿರಾಕರಿಸಲಿಲ್ಲ. ಬಂದು ನೋಡಿ ಎಂದರು. ವರದಿಗಾರ ಹೋಗಲಿಲ್ಲ.